ಬೆಚ್ಚಗಿನ ದನಿಯ ಪೆಟ್ಟಿಗೆ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಶಾಖ ಒಂದು ಪಾಠವಾಗಿತ್ತು, ಶಬ್ದ ಇನ್ನೊಂದು ಪಾಠವಾಗಿತ್ತು. ಒಂದರ ಉತ್ತರವನ್ನು ಇನ್ನೊಂದಕ್ಕೆ ಬರೆದ ಮಕ್ಕಳಿಗೆ ಮುಲಾಜಿಲ್ಲದೆ ಸೊನ್ನೆ ಸುತ್ತಿದವಳು ನಾನು. ಅಂಥವಳು ನಿವೃತ್ತಿಯಾದ ಮೇಲೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಬೆಚ್ಚಗಿನ ದನಿ ಕೊಡುವ ಫೋನೋ ಪ್ರೀಆಂಪ್ ಯಾವುದೆಂದು ಮೊಬೈಲಿನಲ್ಲಿ ಹುಡುಕುತ್ತ ಕೂತಿದ್ದಳೆಂದು ತಿಳಿದರೆ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಬಹಳ ಸಂತೋಷವಾದೀತು. ಆಗಲಿ. ಅವರಿಗೆ ನನ್ನಿಂದ ಸಂತೋಷ ಸಿಕ್ಕ ಸಂದರ್ಭಗಳು ಕಡಿಮೆ.

ಫೋನೋ ಪ್ರೀಆಂಪ್ ಎಂದರೆ ಏನೆಂದು ನಿಮಗೆ ಗೊತ್ತಿಲ್ಲದಿದ್ದರೆ ನಾಚಿಕೊಳ್ಳಬೇಡಿ. ಅರುವತ್ತು ದಾಟುವವರೆಗೆ ನನಗೂ ಗೊತ್ತಿರಲಿಲ್ಲ. ರೆಕಾರ್ಡ್ ಪ್ಲೇಯರಿಗೂ ಆಂಪ್ಲಿಫೈಯರಿಗೂ ನಡುವೆ ಕೂರುವ, ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ಅದು. ರೆಕಾರ್ಡಿನ ಗೀರಿನಲ್ಲಿ ಸೂಜಿ ಓಡಿದಾಗ ಹುಟ್ಟುವ ವಿದ್ಯುತ್ತು ತೀರ ಬಡಪಾಯಿ. ಅದನ್ನು ಕೈಹಿಡಿದು ಎತ್ತುವುದು ಪೆಟ್ಟಿಗೆಯ ಒಂದು ಕೆಲಸ. ಎರಡನೆಯ ಕೆಲಸ ಹೆಚ್ಚು ಸ್ವಾರಸ್ಯದ್ದು. ಮಂದ್ರ ಸ್ವರಗಳನ್ನು ಇದ್ದ ಹಾಗೆಯೇ ಕೊರೆದರೆ ಗೀರು ಅತ್ತಿತ್ತ ಓಲಾಡಿ ಪಕ್ಕದ ಗೀರಿಗೆ ನುಗ್ಗಿಬಿಡುತ್ತದಂತೆ. ಅದಕ್ಕೆ ರೆಕಾರ್ಡು ತಯಾರಿಸುವವರು ಮಂದ್ರವನ್ನು ತಗ್ಗಿಸಿ, ತಾರವನ್ನು ಏರಿಸಿ ಕೊರೆಯುತ್ತಾರೆ. ಕೇಳುವ ಹೊತ್ತಿಗೆ ಈ ಪೆಟ್ಟಿಗೆ ತಗ್ಗಿಸಿದ್ದನ್ನು ಏರಿಸಿ, ಏರಿಸಿದ್ದನ್ನು ತಗ್ಗಿಸಿ ಮೊದಲಿನಂತೆ ಮಾಡುತ್ತದೆ. ಸುರುಳಿ ಸುತ್ತಿ ಬಸ್ಸಿನಲ್ಲಿ ತಂದ ಚಾಪೆಯನ್ನು ಮನೆಯಲ್ಲಿ ಬಿಡಿಸಿ ಹಾಸುವ ಹಾಗೆ. ಬಿಡಿಸದಿದ್ದರೂ ಚಾಪೆ ಚಾಪೆಯೇ, ಆದರೆ ಅದರ ಮೇಲೆ ಮಲಗಲಾಗುವುದಿಲ್ಲ.

ಇಷ್ಟರವರೆಗೆ ವಿಜ್ಞಾನ. ಇದರಿಂದಾಚೆ ಅಡುಗೆಮನೆ ಶುರುವಾಗುತ್ತದೆ. ಈ ಪೆಟ್ಟಿಗೆಗಳ ಬಗ್ಗೆ ಬರೆಯುವ ಜನ ಒಬ್ಬರಿಗಿಂತ ಒಬ್ಬರು ಹಸಿದವರು. ಒಬ್ಬನಿಗೆ ಪಿಟೀಲು ಜೇನಿನಂತೆ ಕೇಳಿಸುತ್ತದೆ, ಇನ್ನೊಬ್ಬನಿಗೆ ಹೆಂಗಸಿನ ಕಂಠ ಬೆಣ್ಣೆಯಂತೆ. ಒಂದು ಪೆಟ್ಟಿಗೆ ಒಣಕಲು, ಮತ್ತೊಂದು ರಸಭರಿತ. ಎಲ್ಲಕ್ಕಿಂತ ಮೇಲಿನ ಹೊಗಳಿಕೆ ಬೆಚ್ಚಗಿದೆ ಎಂಬುದು. ಹಿಮ ಬೀಳುವ ಊರಿನವರು ಹಾಗೆ ಹೊಗಳಿದರೆ ಒಪ್ಪಬಹುದು. ನಾನಿರುವುದು ಸಿದ್ಧಕಟ್ಟೆಯಲ್ಲಿ, ಒಂದು ಮೆಡಿಕಲ್ ಸ್ಟೋರಿನ ಮೇಲಿನ ಮಾಳಿಗೆ ಮನೆಯಲ್ಲಿ. ತಾರಸಿಯ ಬಿಸಿಗೆ ಮಧ್ಯಾಹ್ನ ಫ್ಯಾನು ಕೂಡ ಬಿಸಿಗಾಳಿಯನ್ನೇ ಹಂಚುತ್ತದೆ. ಇಲ್ಲಿ ಯಾರಾದರೂ ಬೆಚ್ಚಗಿನದ್ದನ್ನು ಹುಡುಕಿಕೊಂಡು ಹೊರಟರೆ ಜ್ವರ ಬಂದಿದೆಯೋ ಎಂದು ಕೆಳಗಿನ ಮೆಡಿಕಲ್ಲಿನವನು ವಿಚಾರಿಸುತ್ತಾನೆ.

ನನಗೆ ಜ್ವರವಿರಲಿಲ್ಲ. ನನಗೆ ಬೇಕಾಗಿದ್ದದ್ದು ನನ್ನ ಗಂಡನ ಸ್ವರ.

ಇವರು ಹೋಗಿ ಒಂದು ವರ್ಷವಾಯಿತು. ಬೆಳ್ತಂಗಡಿಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಅಲ್ಲಿ ದಿನವಿಡೀ ಬೇರೆಯವರ ಮಾತು ಕೇಳಿ ಸುಸ್ತಾಗಿಯೋ ಏನೋ, ಮನೆಯಲ್ಲಿ ಮಾತು ಕಡಿಮೆ. ಈಗಿನ ಕಾಲದಲ್ಲಿ ಸತ್ತವರ ದನಿಗೆ ಬರವಿಲ್ಲ, ಎಲ್ಲರ ಮೊಬೈಲಿನಲ್ಲೂ ಇರುತ್ತದೆ ಎಂದು ನೀವು ಹೇಳಬಹುದು. ನನ್ನ ಮೊಬೈಲಿನಲ್ಲೂ ಇದೆ. ಹಾಂ, ಆಯ್ತು ಎಂಬುದೊಂದು. ಬಸ್ಸು ಸಿಕ್ಕಿತು ಎಂಬುದೊಂದು. ಉಳಿದವುಗಳಲ್ಲಿ ಇವರು ಮೈಕಿನ ಮೇಲೆ ಹೆಬ್ಬೆರಳು ಒತ್ತಿಕೊಂಡೇ ಮಾತಾಡಿದ್ದಾರೆ, ಬರೀ ಗೊರಗೊರ. ನಮಗೆ ಮಕ್ಕಳಿಲ್ಲ. ಹಾಗಾಗಿ ಇವರ ಸ್ವರವನ್ನು ಅನುಕರಿಸುವ ಇನ್ನೊಂದು ಗಂಟಲೂ ಇಲ್ಲ. ಒಂಟಿತನವೆಂದರೆ ಮನೆ ನಿಶ್ಶಬ್ದವಾಗುವುದು ಎಂದುಕೊಂಡಿದ್ದೆ. ಹಾಗಲ್ಲ. ಕುಕ್ಕರು ಕೂಗುತ್ತದೆ, ರಸ್ತೆಯಲ್ಲಿ ಕಂಡಕ್ಟರುಗಳು ಮೂಡುಬಿದಿರೆ ಮೂಡುಬಿದಿರೆ ಎಂದು ಗಂಟಲು ಹರಿದುಕೊಳ್ಳುತ್ತಾರೆ. ಇಷ್ಟೆಲ್ಲ ಸದ್ದಿನಲ್ಲಿ ಒಂದೂ ನನ್ನನ್ನು ಉದ್ದೇಶಿಸಿದ್ದಲ್ಲ, ಅಷ್ಟೇ. ಕೆಲವು ದಿನ ಸಂಜೆ ಹಾಲಿನ ಅಂಗಡಿಗೆ ಹೋಗಿ ಮಾತಾಡಿದಾಗಲೇ ನನ್ನ ಗಂಟಲು ಬೆಳಗಿನಿಂದ ಬಳಕೆಯಾಗಿಲ್ಲವೆಂದು ತಿಳಿಯುವುದು.

ಆದರೆ ಇವರ ಸ್ವರವಿರುವ ಒಂದು ರೆಕಾರ್ಡು ನನ್ನಲ್ಲಿ ಇದೆ. ತಾಳಮದ್ದಳೆಯ ರೆಕಾರ್ಡು. ತಾಳಮದ್ದಳೆ ಎಂದರೆ ವೇಷವಿಲ್ಲದ ಯಕ್ಷಗಾನ. ಭಾಗವತರು ಪದ ಹೇಳುತ್ತಾರೆ. ಅರ್ಥಧಾರಿಗಳು ಪಂಚೆ ಶಾಲಿನಲ್ಲಿ ಕೂತು, ಒಬ್ಬರು ರಾಜನಾಗಿ ಇನ್ನೊಬ್ಬರು ವೈರಿಯಾಗಿ, ಮಾತಿನಲ್ಲೇ ಯುದ್ಧ ಮಾಡುತ್ತಾರೆ. ಬರೆದಿಟ್ಟ ಮಾತಲ್ಲ, ಅಲ್ಲೇ ಹುಟ್ಟಬೇಕು. ಎದುರಾಳಿ ಏನು ಕೇಳುತ್ತಾನೋ ಅದಕ್ಕೆ ಉತ್ತರ ಕೊಡದೆ ಏಳುವ ಹಾಗಿಲ್ಲ. ನಮ್ಮ ಕಡೆಯ ಉತ್ಸಾಹಿಯೊಬ್ಬರು ಆ ಕಾಲದಲ್ಲಿ ಹಣ ಸುರಿದು ಒಂದು ಪ್ರಸಂಗವನ್ನು ರೆಕಾರ್ಡಿನಲ್ಲಿ ಮುದ್ರಿಸಿದರು. ಮುದ್ರಣದ ದಿನ ದೂತನ ಅರ್ಥ ಹೇಳಬೇಕಾದವರು ಬರಲಿಲ್ಲ. ಸುಮ್ಮನೆ ಕೇಳಲು ಹೋಗಿದ್ದ, ಇನ್ನೂ ಮದುವೆಯಾಗದ, ಮೀಸೆ ಸರಿಯಾಗಿ ಮೂಡದ ಇವರನ್ನು ಹಿಡಿದು ಕೂರಿಸಿದರು. ಹೀಗೆ ನನ್ನ ಗಂಡ ಘಟಾನುಘಟಿಗಳ ನಡುವೆ ದೂತನಾಗಿ ಅಜರಾಮರರಾದರು. ಮುಂದೆ ಎಲ್ಲಿಯೂ ಅರ್ಥ ಹೇಳಲು ಕೂರಲಿಲ್ಲ. ಯಾರಾದರೂ ಕರೆದರೆ ಆಫೀಸಿನಲ್ಲಿ ಕೆಲಸ ಉಂಟು ಎಂದು ತಪ್ಪಿಸಿಕೊಳ್ಳುತ್ತಿದ್ದರು.

ರೆಕಾರ್ಡಿನ ಜತೆ ಒಂದು ತಮಾಷೆಯೂ ಇದೆ. ಮನೆಯಲ್ಲಿ ನಾವಿಬ್ಬರೂ ಮಾತಾಡುತ್ತಿದ್ದದ್ದು ತುಳು. ರೆಕಾರ್ಡಿನಲ್ಲಿ ಇವರು ಆಡುವುದು ತಾಳಮದ್ದಳೆಯ ಕನ್ನಡ, ಪ್ರತಿಯೊಂದು ವಾಕ್ಯವೂ ಪಟ್ಟೆ ಪಂಚೆ ಉಟ್ಟುಕೊಂಡೇ ಹೊರಗೆ ಬರುವಂಥದ್ದು. ಆ ಕನ್ನಡದಲ್ಲಿ ಇವರು ನನ್ನನ್ನು ಒಮ್ಮೆಯೂ ಮಾತಾಡಿಸಿದ್ದಿಲ್ಲ. ಮಾತಾಡಿಸಿದ್ದರೆ ನಾನು ನಗು ತಡೆಯಲಾರದೆ ಒಲೆಯ ಮೇಲಿನದ್ದನ್ನು ಸೀಯಿಸುತ್ತಿದ್ದೆ.

ಆ ರೆಕಾರ್ಡನ್ನು ನಾವು ಕೇಳುತ್ತಿದ್ದದ್ದು ಮೈಕ್ ಸೆಟ್ಟಿನ ಆಂಪ್ಲಿಫೈಯರಿನಲ್ಲಿ. ನಮ್ಮ ಕಡೆ ಮದುವೆ, ಭೂತಕೋಲ, ಶಾಲೆಯ ವಾರ್ಷಿಕೋತ್ಸವಗಳಿಗೆ ಮೈಕ್ ಬಾಡಿಗೆಗೆ ಕೊಡುವವರಿದ್ದಾರಲ್ಲ, ಅಂಥವರೊಬ್ಬರು ಹೊಸದು ಕೊಂಡಾಗ ಹಳೆಯದನ್ನು ಇವರು ಮನೆಗೆ ಹೊತ್ತು ತಂದರು. ಮುಂಬಯಿಯ ಹೋಟೆಲಿನಲ್ಲಿದ್ದ ಇವರ ಮಾವ ಕೊಟ್ಟ ಪ್ಲೇಯರಿನ ವಯರನ್ನು ಅದರ ಮೈಕಿನ ತೂತಿಗೆ ಚುಚ್ಚಿದರು. ಶಬ್ದ ಬಂತು. ಶಬ್ದ ಬಂದ ಮೇಲೆ ನಮ್ಮ ಜಿಲ್ಲೆಯಲ್ಲಿ ಯಾರೂ ಮುಂದಕ್ಕೆ ವಿಚಾರ ಮಾಡುವುದಿಲ್ಲ. ರಾಜನೂ ಮಂತ್ರಿಯೂ ದೂತನೂ ಎಲ್ಲರೂ ತಗಡಿನ ಡಬ್ಬಿಯೊಳಗಿನಿಂದ ಕಿರುಚಿದಂತೆ ಕೇಳುತ್ತಿತ್ತು, ಮದ್ದಳೆಯೂ ತಟ್ಟೆ ಬಡಿದಂತೆ. ಹಳೆಯ ರೆಕಾರ್ಡು ಇರುವುದೇ ಹೀಗೆ ಎಂದು ವಿಜ್ಞಾನದ ಟೀಚರಾದ ನಾನೂ ನಂಬಿ ಕೂತಿದ್ದೆ.

ಈ ನಂಬಿಕೆ ಮುರಿದವನು ಹಮೀದ್, ನನ್ನ ಹಳೆಯ ವಿದ್ಯಾರ್ಥಿ. ಶಬ್ದದ ಪಾಠದಲ್ಲಿ ಹಿಂದಿನ ಬೆಂಚಿನಲ್ಲಿ ಸೊಗಸಾಗಿ ನಿದ್ದೆ ಮಾಡುತ್ತಿದ್ದವನು. ಬಹಳ ಕಾಲ ಗಲ್ಫಿನಲ್ಲಿದ್ದು ಬಂದು ಈಗ ಮೆಲ್ಕಾರಿನಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಮುಂದಿನ ಕೋಣೆಯಲ್ಲಿ ಫ್ಯಾನು, ಸ್ವಿಚ್ಚು, ವಯರು. ಹಿಂದಿನ ಕೋಣೆಯಲ್ಲಿ ಅವನ ಹುಚ್ಚು: ಪ್ಲೇಯರುಗಳು, ಸ್ಪೀಕರುಗಳು, ಮಾರುವ ಮನಸ್ಸಿಲ್ಲದ ಪೆಟ್ಟಿಗೆಗಳು. ಬಲ್ಬು ಕೊಳ್ಳಲು ಹೋದವಳು ಮಾತಿಗೆ ಮಾತು ಬಂದು ರೆಕಾರ್ಡಿನ ಸುದ್ದಿ ಹೇಳಿದೆ. ಮುಂದಿನ ಭಾನುವಾರ ಮಧ್ಯಾಹ್ನ ಎರಡು ಪೆಟ್ಟಿಗೆ ಮತ್ತು ತನ್ನದೇ ಒಂದು ಆಂಪ್ಲಿಫೈಯರನ್ನು ಕಾರಿನಲ್ಲಿ ಹಾಕಿಕೊಂಡು ಬಂದೇಬಿಟ್ಟ.

"ಟೀಚರೇ, ಇಷ್ಟು ವರ್ಷ ಇದನ್ನು ಮೈಕಿನ ತೂತಿಗೆ ಕೊಟ್ಟು ಕೇಳಿದ್ದಾ?" ಎಂದು ತಲೆಯ ಮೇಲೆ ಕೈ ಇಟ್ಟುಕೊಂಡ.

"ಅದೊಂದೇ ತೂತು ಖಾಲಿ ಇದ್ದದ್ದು ಮಾರಾಯ."

"ಹಾಗಾದ್ರೆ ಸರ್‌ರ ಅರ್ಧ ಸ್ವರ ಪ್ಲೇಟಿನ ಒಳಗೇ ಬಾಕಿ ಉಂಟು."

ಅವನು ತಾಂತ್ರಿಕವಾದ ಒಂದು ಸಂಗತಿಯನ್ನು ಹೇಳಿದ್ದು, ಗೊತ್ತು. ಆದರೂ ನನಗೆ ಮೈ ಜುಮ್ಮೆಂದಿತು. ಕಳೆದುಹೋಯಿತೆಂದು ಅತ್ತು ಮುಗಿಸಿದ ವಸ್ತು ಅಲಮಾರಿನಲ್ಲೇ ಉಂಟು ಎಂದರೆ ಹೇಗಾಗುತ್ತದೋ ಹಾಗೆ.

ಹಮೀದ್ ಎರಡು ಪೆಟ್ಟಿಗೆಗಳ ಗುಣಗಾನ ಮಾಡಿದ. "ಇದು ವಾಲ್ವಿನದ್ದು. ವಾರ್ಮ್ ಅಂದ್ರೆ ವಾರ್ಮ್. ಇದರಲ್ಲಿ ಕಾಗೆ ಕೂಗಿದ್ರೂ ಚಂದ ಕೇಳ್ತದೆ. ಇನ್ನೊಂದು ಉಂಟಲ್ಲ, ಅದು ಸಪ್ಪೆ. ಇದ್ದದ್ದನ್ನು ಇದ್ದ ಹಾಗೆ ಹೇಳ್ತದೆ, ಅಷ್ಟೇ. ಎರಡೂ ಇಲ್ಲಿರಲಿ, ನೀವು ಕೇಳಿ ನೋಡಿ. ಅರ್ಜೆಂಟೇನಿಲ್ಲ." ವಯರು ಬದಲಾಯಿಸುವುದನ್ನು ನನಗೆ ಕಲಿಸಿ, ಚಹಾ ಕುಡಿದು ಹೋದ. ನನ್ನ ಕೈಯಲ್ಲಿ ಮೊದಲ ಸಲವೇ ಸರಿಯಾಗಿ ಬಂದಾಗ "ಪಾಸ್ ಟೀಚರೇ" ಎಂದ. ಹಳೆಯ ಲೆಕ್ಕ ತೀರಿಸಿಕೊಂಡನೆಂದು ತೋರುತ್ತದೆ.

ಅವನು ಹೋದ ಮೇಲೆ ಮೊಬೈಲಿನಲ್ಲಿ ಹುಡುಕಿ ಓದಿದ್ದೆಲ್ಲ ಬೆಚ್ಚಗಿನದ್ದನ್ನೇ ಹೊಗಳುತ್ತಿತ್ತು, ಹಾಗಾಗಿ ಮೊದಲು ವಾಲ್ವಿನ ಪೆಟ್ಟಿಗೆ. ಅದರ ಮುಂಭಾಗದಲ್ಲಿ ಎರಡು ಗಾಜಿನ ಬುರುಡೆಗಳು, ಹಳೆಯ ವಾಲ್ವ್ ರೇಡಿಯೋದ ಒಳಗೆ ಇರುತ್ತಿದ್ದಂಥವು. ಅವು ಕಾದು ಕೆಂಪಗಾಗುವವರೆಗೆ ಕಾಯಬೇಕು. ಕಾದೆ. ಸೂಜಿ ಇಳಿಸಿದೆ. ಮದ್ದಳೆ ಶುರುವಾದಾಗ ಎದೆಯೊಳಗೆ ಬಡಿದಂತಾಯಿತು. ಭಾಗವತರ ಕಂಠ ತುಂಬಿಕೊಂಡು ಬಂತು. ಆಮೇಲೆ ದೂತ ಪ್ರವೇಶಿಸಿದ. ಅಬ್ಬ, ಏನು ದನಿ! ಗಂಭೀರ, ದುಂಡಗೆ, ಸಭೆಯನ್ನೇ ಆಳುವಂಥದ್ದು. ರಾಜನಿಗಿಂತ ದೂತನೇ ಭಾರಿಯಾಗಿ ಕಂಡ. ಒಬ್ಬಳೇ ಇದ್ದ ನಾನು ಸೆರಗು ಸರಿಮಾಡಿಕೊಂಡೆ. ಮತ್ತೆ ಮತ್ತೆ ಹಾಕಿ ಕೇಳಿದೆ, ಪ್ರತಿಸಲವೂ ಸಂತೋಷವಾಯಿತು. ಕೊನೆಗೆ ಯಾಕೆ ಸೆರಗು ಸರಿಮಾಡಿಕೊಂಡೆ ಎಂದು ಹೊಳೆಯಿತು. ಮನೆಗೆ ಯಾರೋ ಪರಿಚಯವಿಲ್ಲದ ಗಂಡಸು ಬಂದಿದ್ದರು. ನೋಡಲು ಚಂದದವರು, ಗೌರವಸ್ಥರು. ಆದರೆ ಆ ಗಂಡಸನ್ನು ನಾನು ಮೊದಲು ಕಂಡೇ ಇಲ್ಲ.

ಗೃಹಿಣಿಯರಿಗೆ ತಿಳಿದ ಒಂದು ಸತ್ಯವನ್ನು ಪೆಟ್ಟಿಗೆ ಹೊಗಳುವವರು ಯಾರೂ ಬರೆದಿಲ್ಲ. ಎಲ್ಲಕ್ಕೂ ತೆಂಗಿನ ತುರಿ ಸುರಿದರೆ ಎಲ್ಲವೂ ರುಚಿಯಾಗುತ್ತದೆ, ಆದರೆ ತೊಂಡೆಕಾಯಿ ಯಾವುದು, ಅಲಸಂಡೆ ಯಾವುದು ಎಂದು ಆಮೇಲೆ ಕೇಳಬಾರದು. ಕಾಗೆ ಕೂಗಿದರೂ ಚಂದ ಕೇಳುವ ಪೆಟ್ಟಿಗೆಯಲ್ಲಿ ನನ್ನ ಗಂಡ ಚಂದ ಕೇಳಿದ್ದರಲ್ಲಿ ಯಾವ ವಿಶೇಷವೂ ಇಲ್ಲ ಎನ್ನಿಸಿ ಬೇಸರವಾಯಿತು.

ಮರುದಿನ ಯಾವ ಪೆಟ್ಟಿಗೆಯೂ ಬೇಡವೆಂದು ಹಟ ಹುಟ್ಟಿ ಹಳೆಯ ಮೈಕ್ ಸೆಟ್ಟನ್ನೇ ಮಂಚದಡಿಯಿಂದ ಎಳೆದು ವಯರು ಚುಚ್ಚಿದೆ. ಅದೇ ತಗಡಿನ ಡಬ್ಬಿ, ಅದೇ ಕಿರುಚಾಟ. ಪರಿಚಿತವಾಗಿತ್ತು, ಸಮಾಧಾನವಾಯಿತು. ಆದರೆ ಅಲ್ಲಿಯೂ ಏನೋ ಕೊರತೆ. ಮೊದಲು ಕೇಳುತ್ತಿದ್ದಾಗ ಇಷ್ಟು ಬಡಕಲಾಗಿರಲಿಲ್ಲವಲ್ಲ, ಆಂಪ್ಲಿಫೈಯರು ಇನ್ನಷ್ಟು ಹಾಳಾಯಿತೇ ಎಂದು ಹಿಂದೆ ಮುಂದೆ ತಟ್ಟಿದೆ. ದೂತನ ಕೊನೆಯ ಮಾತು ಬರುವಾಗ ನನಗೆ ಗೊತ್ತಾಯಿತು. ರಾಜಸಭೆಯಿಂದ ಏಳುವ ಮೊದಲು ಅವನು ಕೇಳುತ್ತಾನೆ: "ಪ್ರಭುಗಳೇ, ನಾನಿನ್ನು ಹೊರಡುವವನು. ಹೋಗಿ ಏನೆಂದು ಹೇಳಲಿ?" ಈ ಮಾತು ಬಂದಾಗಲೆಲ್ಲ ಇವರು ಬೆತ್ತದ ಕುರ್ಚಿಯಲ್ಲಿ ಕೂತಲ್ಲಿಂದಲೇ ರೆಕಾರ್ಡಿನ ಜತೆಗೆ ಅದನ್ನು ಗಟ್ಟಿಯಾಗಿ ಹೇಳುತ್ತಿದ್ದರು. ರೆಕಾರ್ಡಿಗಿಂತ ಒಂದು ಚೂರು ಮುಂಚೆ. ಮಾತು ಕಡಿಮೆಯಿದ್ದ ಮನುಷ್ಯನ ಒಂದೇ ಒಂದು ಜಂಭ ಅದು ಎಂದು ನಾನು ಒಳಗೊಳಗೆ ನಗುತ್ತಿದ್ದೆ. ಆ ಕಿರಿದಾದ ದನಿಗೆ ಇಷ್ಟು ವರ್ಷ ಮಂದ್ರವನ್ನು ಸೇರಿಸಿದ್ದು ಕುರ್ಚಿಯಲ್ಲಿದ್ದ ಮನುಷ್ಯ. ಆ ಕುರ್ಚಿಯಲ್ಲಿ ಈಗ ಒಣಗಿದ ಬಟ್ಟೆಗಳ ರಾಶಿ ಇತ್ತು. ನಾನು ಅದರ ಪಕ್ಕದಲ್ಲಿ ನೆಲದ ಮೇಲೆ ಕೂತು ಅತ್ತೆ.

ಅತ್ತ ಮೇಲೆ ಹೆಂಗಸರು ಸಾಮಾನ್ಯವಾಗಿ ಮಾಡುವಂತೆ ಬಟ್ಟೆ ಮಡಚಿಟ್ಟೆ, ಅನ್ನಕ್ಕೆ ಇಟ್ಟೆ. ಬಾಕಿ ಉಳಿದದ್ದು ಸಪ್ಪೆ ಪೆಟ್ಟಿಗೆಯೊಂದು. ಅದರಿಂದ ಏನನ್ನೂ ನಿರೀಕ್ಷಿಸದೆ, ಹಮೀದನಿಗೆ ಉತ್ತರ ಹೇಳಬೇಕಲ್ಲ ಎಂದು ಮಾತ್ರ ವಯರು ಬದಲಾಯಿಸಿದೆ.

ಸಪ್ಪೆ ಎಂದರೆ ಸಪ್ಪೆಯೇ. ಮದ್ದಳೆ ಮದ್ದಳೆಯಷ್ಟೇ ಬಡಿಯಿತು. ಭಾಗವತರಿಗೆ ಸ್ವಲ್ಪ ಶೀತವಾಗಿತ್ತೆಂದೂ ತಿಳಿಯಿತು. ಯಾರೋ ಕೆಮ್ಮಿದರು, ಯಾರದೋ ಕುರ್ಚಿ ಕಿರ್ರೆಂದಿತು. ದೂತ ಮಾತಾಡತೊಡಗಿದ. ದೊಡ್ಡ ದನಿಯಲ್ಲ, ಸಣ್ಣದೂ ಅಲ್ಲ. ಇನ್ನೂ ಹದಕ್ಕೆ ಬಾರದ ಒಬ್ಬ ಯುವಕನ ದನಿ. ಕಲಿತ ವಾಕ್ಯಗಳನ್ನು ಜಾಗ್ರತೆಯಿಂದ ಒಂದೊಂದಾಗಿ ಮುಂದಿಡುತ್ತಿದ್ದ. ಕೊನೆಯ ಮಾತಿನ ಮೊದಲು ಉಸಿರು ಎಳೆದುಕೊಂಡದ್ದು ಕೇಳಿಸಿತು. "ಹೋಗಿ ಏನೆಂದು ಹೇಳಲಿ" ಎನ್ನುವಲ್ಲಿ ಆ ದನಿ ನಡುಗಿತು.

ಸೂಜಿಯ ದೋಷವೆಂದುಕೊಂಡು ಮತ್ತೊಮ್ಮೆ ಇಟ್ಟೆ. ಅಲ್ಲೇ ನಡುಗಿತು. ಮೈಕ್ ಸೆಟ್ಟಿನ ಕಿರುಚಾಟದಲ್ಲಿ ಇದು ಹೂತುಹೋಗಿತ್ತು. ಇವರು ಹೆದರಿದ್ದರು. ಅಷ್ಟು ದೊಡ್ಡವರ ನಡುವೆ, ಮೈಕಿನ ಎದುರು, ಮುಂದಿನ ಮಾತು ಹುಟ್ಟುತ್ತದೋ ಇಲ್ಲವೋ ಎಂದು ಕೈಕಾಲು ತಣ್ಣಗಾಗಿ ಕೂತಿದ್ದರು. ಆಮೇಲೆ ಎಲ್ಲಿಯೂ ಅರ್ಥ ಹೇಳಲು ಒಪ್ಪದಿದ್ದದ್ದಕ್ಕೆ ಆಫೀಸಿನ ಕೆಲಸ ಕಾರಣವಾಗಿರಲಿಲ್ಲ. ಕುರ್ಚಿಯಲ್ಲಿ ಕೂತು ಜತೆಗೆ ಗಟ್ಟಿಯಾಗಿ ಹೇಳುತ್ತಿದ್ದದ್ದು ಜಂಭವೂ ಅಲ್ಲ. ಆ ಒಂದು ನಡುಕ ನನ್ನ ಕಿವಿಗೆ ಬೀಳದಿರಲೆಂದು ಪ್ರತಿಸಲವೂ ಅದರ ಮೇಲೆ ತನ್ನ ಈಗಿನ ದನಿಯನ್ನು ಎಳೆದು ಮುಚ್ಚುತ್ತಿದ್ದರು. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿ, ಇವರಿಗೆ ಉಪ್ಪು ಎಷ್ಟು ಬೇಕು, ಯಾವ ಹಲ್ಲು ನೋಯುತ್ತದೆ ಎಲ್ಲ ತಿಳಿದಿದ್ದ ನನಗೆ ಇದೊಂದು ತಿಳಿದಿರಲಿಲ್ಲ. ಇವರು ಹೋದ ಮೇಲೆ ಇವರ ಬಗ್ಗೆ ಹೊಸ ಸುದ್ದಿಯೊಂದು ಬಂದಿತ್ತು. ವಿಧವೆಯರಿಗೆ ಅಂಥ ಸುದ್ದಿ ಬರುವುದು ಅಪರೂಪ. ನನಗೆ ದುಃಖಕ್ಕಿಂತ ಹೆಚ್ಚಾಗಿ ಪ್ರೀತಿ ಬಂತು, ಮದುವೆಯಾದ ಹೊಸತರಲ್ಲಿ ಬರುವಷ್ಟು.

ಹಮೀದ್ ಬಂದಾಗ ಅವನಿಗೂ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದ. ಶಬ್ದದ ಪಾಠದಲ್ಲಿ ಮುಚ್ಚುತ್ತಿದ್ದ ಹಾಗಲ್ಲ.

"ಸರ್‌ರ ಸ್ವರ ಸ್ವಲ್ಪ ಅಲುಗ್ತದೆ ಟೀಚರೇ. ವಾಲ್ವಿನದ್ದು ಆದ್ರೆ ಇದೆಲ್ಲ ಗೊತ್ತೇ ಆಗುವುದಿಲ್ಲ."

"ಅದಕ್ಕೇ ಅದು ಬೇಡ. ಈ ಸಪ್ಪೆಯದ್ದೇ ಇರಲಿ."

ಅವನಿಗೆ ನಿರಾಸೆಯಾಯಿತು. ವಾಲ್ವಿನ ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿದ. ಆಮೇಲೆ ನನ್ನ ಕಡೆ ನೋಡದೆ ಹೇಳಿದ: "ಗಲ್ಫಿನಲ್ಲಿ ರೂಮಿನಲ್ಲಿ ಒಬ್ಬನೇ ಇರುವಾಗ ನಾನು ಇದನ್ನು ತೆಗೊಂಡದ್ದು. ಪಾಟು ಯಾವುದಾದ್ರೂ ತೊಂದರೆ ಇಲ್ಲ, ಹತ್ತಿರ ಯಾರೋ ಉಂಟು ಅಂತ ಆಗ್ತಿತ್ತು. ನಿಮಗೂ ಹಾಗೆ ಆಗ್ಲಿ ಅಂತ ತಂದದ್ದು."

ಅವನಿಗೆ ಇನ್ನೊಂದು ಲೋಟ ಚಹಾ ಕೊಟ್ಟೆ. ಹಾಡಿಗೆ ಅವನ ಮನೆಮಾತಿನಲ್ಲಿ ಪಾಟು ಎನ್ನುತ್ತಾರೆ. ಯಾವ ಹಾಡೆಂಬುದು ಮುಖ್ಯವಲ್ಲದಷ್ಟು ಒಂಟಿಯಾಗಿ ಈ ಹುಡುಗ ಎಷ್ಟು ಕಾಲ ಇದ್ದನೋ. ಯಾರೋ ಹತ್ತಿರ ಇದ್ದರೆ ಸಾಕು ಎನ್ನುವವರಿಗೆ ಆ ಪೆಟ್ಟಿಗೆ ಸರಿ. ಅವರನ್ನು ನೋಡಿ ನಾನು ನಗಲಾರೆ, ನನ್ನ ಕೆಲವು ಸಂಜೆಗಳೂ ಅಂಥವೇ. ಆದರೆ ನನಗೆ ಯಾರೋ ಸಾಲದು. ನನಗೆ ಬೇಕಾದವರು ಒಬ್ಬರೇ, ಅವರು ನಡುಗುತ್ತಿದ್ದರೆ ನಡುಗುತ್ತಲೇ ಬರಲಿ.

ಈಗ ಭಾನುವಾರ ಊಟವಾದ ಮೇಲೆ ರೆಕಾರ್ಡು ಹಾಕುತ್ತೇನೆ. ದೂತನ ಕೊನೆಯ ಮಾತಿನ ನಂತರ ರಾಜನ ಉತ್ತರ ಬರಬೇಕು, ಬಹಳ ಉದ್ದದ್ದು, ಬಹಳ ಗರ್ವದ್ದು. ಅದನ್ನು ಕೇಳಿಕೊಂಡು ದೂತ ಎದ್ದು ಹೋಗುತ್ತಾನೆ, ಮತ್ತೆ ಆ ರೆಕಾರ್ಡಿನಲ್ಲಿ ಎಲ್ಲಿಯೂ ಬರುವುದಿಲ್ಲ. ಹಾಗಾಗಿ ರಾಜ ಬಾಯಿ ತೆರೆಯುವ ಮೊದಲೇ ನಾನು ಸೂಜಿ ಎತ್ತುತ್ತೇನೆ. ಪ್ರಶ್ನೆ ಕೇಳಿದ ಮೇಲೆ ಉತ್ತರ ಕೊಡುವುದು ತಾಳಮದ್ದಳೆಯ ಮರ್ಯಾದೆ. ಸಿದ್ಧಕಟ್ಟೆಯ ಮಧ್ಯಾಹ್ನದ ಬಿಸಿಲಿನಲ್ಲಿ, ಬೆಳಗಿನಿಂದ ಬಳಕೆಯಾಗದ ಗಂಟಲು ಸರಿಮಾಡಿಕೊಂಡು, ನಮ್ಮ ತುಳುವಿನಲ್ಲೇ ಹೇಳುತ್ತೇನೆ: "ದಾಲಾ ಪನೊಡ್ಚಿ. ಒಂತೆ ಕುಳ್ಳುಲೆ."

ಏನೂ ಹೇಳುವುದು ಬೇಡ, ಸ್ವಲ್ಪ ಕೂತುಕೊಳ್ಳಿ ಎಂದರ್ಥ. ದೂತ ಹೊರಡಬೇಕಾದರೆ ನಾನು ಸೂಜಿ ಇಳಿಸಬೇಕು. ಇಳಿಸುತ್ತೇನೆ, ನನಗೇನೂ ಅವಸರವಿಲ್ಲ.